ಐದು ಗಂಟೆಗೆ ಬನ್ನಿ ಅಕ್ಕ

ಪ್ರಶ್ನೆ: ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಭೂಗೋಳ ಅಂದರೆ ಇಷ್ಟ. ಒಂದು ತುಂಡು ಜಾಗಕ್ಕೆ ಅಂಗಡಿಯವರು, ಗಾಡಿಯವರು, ನಗರಸಭೆಯವರು ಜಗಳ ಆಡುವುದನ್ನು ನೋಡುತ್ತಲೇ ಬೆಳೆದೆ. ಅದನ್ನೇ ಓದಬೇಕು ಅನ್ನಿಸುತ್ತಿದೆ. ‘ಅದೆಂಥ ಓದು, ಕೆಲಸ ಸಿಗುತ್ತದಾ?’ ಅಂತ ಮನೆಯಲ್ಲಿ ಕೇಳುತ್ತಾರೆ. ನೀವೇನಂತೀರಿ?
– ಹೆಸರು ಬೇಡ, ಸಾಗರ

ಉತ್ತರ: ಓದಿ, ಖಂಡಿತ ಓದಿ. ನಗರ ಭೂಗೋಳದಲ್ಲಿ ನಾನು ಹದಿನೆಂಟು ವರ್ಷದಿಂದ ಮಾಡುತ್ತಿರುವುದು ಇದೇ ಕೆಲಸ.

ಮೊದಲ ಸಲ ಶಿವಮೊಗ್ಗದ ಗಾಂಧಿ ಬಜಾರಿನ ನಕ್ಷೆ ಬರೆಯಲು ಹನ್ನೊಂದು ಗಂಟೆಗೆ ಹೋಗಿದ್ದೆ. ಬಟ್ಟೆ ಅಂಗಡಿಯ ಮೆಟ್ಟಿಲ ಪಕ್ಕದ ಮೂರಡಿಗೆ ‘ಖಾಲಿ’ ಅಂತ ಬರೆದೆ. ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಹೊರಟಿದ್ದ ಹೂವಿನವರು ಏನು ಬರೆದೆ ಅಂತ ಕೇಳಿದರು. ಹೇಳಿದೆ. ‘ಬೆಳಿಗ್ಗೆ ಐದು ಗಂಟೆಗೆ ಬನ್ನಿ ಅಕ್ಕ, ಆಮೇಲೆ ಖಾಲಿ ಅನ್ನಿ’ ಅಂದರು.

ಮರುದಿನ ಹೋದೆ. ಗೋಣಿಚೀಲ, ಅದರ ಮೇಲೆ ಒದ್ದೆ ಬಟ್ಟೆ, ಅದರ ತುಂಬ ಸೇವಂತಿಗೆ, ಕನಕಾಂಬರ. ಮೊಳ ಹಾಕುವ ಕೈಗೆ ಬಿಡುವೇ ಇರಲಿಲ್ಲ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಗುಡಿಸಿ, ನೀರು ಹಾಕಿ ಎದ್ದರು. ಸಂಜೆ ಅಲ್ಲಿಗೇ ಕಡ್ಲೆಕಾಯಿ ಗಾಡಿ ಬಂತು. ಜೂನ್ ಹಿಡಿದರೆ ಬೇರೆಯೇ ಕತೆ. ನಮ್ಮ ಮಳೆಗೆ ರಸ್ತೆ ಬದಿ ಕೂರುವುದಕ್ಕಾಗುತ್ತದಾ? ಆಗ ಜಗಳವೆಲ್ಲ ಅಂಗಡಿ ಸೂರಿನ ಕೆಳಗಿನ ಎರಡಡಿಗೆ.

ಆಮೇಲೆ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಯಾರು ಎಲ್ಲಿ ಕೂರುತ್ತಾರೆ ಅಂತ ಪಟ್ಟಿ ಮಾಡುವ ಸಮೀಕ್ಷೆ ಮುಗಿದು, ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಕಡಿಮೆ ಅಂದರೂ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು. ಒಳ್ಳೆಯ ಕಾಯ್ದೆ. ಆದರೆ ಸಮೀಕ್ಷೆಯವರೂ ನನ್ನ ಹಾಗೆ ಹನ್ನೊಂದಕ್ಕೇ ಬಂದರೆ ಆ ಹೂವಿನವರ ಹೆಸರು ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿಯಲ್ಲಿ ಇಲ್ಲದವರು ನಾಳೆ ಏನು ತೋರಿಸಿ ಕೂರಬೇಕು? ಈ ಓದು ಬೇಕಾಗುವುದು ಇಲ್ಲೇ, ಅಲ್ವಾ?

ಇನ್ನು ಕೆಲಸದ ಮಾತು. ಧಾರವಾಡ, ಮೈಸೂರು, ಬೆಂಗಳೂರಿನಲ್ಲಿ ಭೂಗೋಳ ಎಂ.ಎ. ಇದೆ. ಉಪನ್ಯಾಸಕರಾಗಲು ಬೇಕಾದ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡುವ ದಾರಿ. ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ ಕಲಿತರೆ ನಗರ ಯೋಜನೆಯ ಕಡೆಗೂ ಹೋಗಬಹುದು. ಅದರ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತದೆ, ಈಗಲೇ ಶುರು ಮಾಡಿ. ಸಂಬಳ ಬೇಗ ಜಾಸ್ತಿ ಆಗುವ ದಾರಿ ಇದಲ್ಲ. ಅದನ್ನು ಮನೆಯಲ್ಲಿ ಮುಚ್ಚಿಡಬೇಡಿ.

ಅದಕ್ಕೂ ಮೊದಲು ನಿಮ್ಮೂರ ಸಂತೆ ದಿನ ಒಂದೇ ಮೂಲೆಯ ನಾಲ್ಕು ನಕ್ಷೆ ಬರೆಯಿರಿ. ಬೆಳಗಿನ ಜಾವದ್ದು, ಹನ್ನೊಂದರದ್ದು, ಸಂಜೆಯದ್ದು, ರಾತ್ರಿ ಒಂಬತ್ತರದ್ದು. ಯಾರು ಎದ್ದರು, ಯಾರು ಕೂತರು, ಯಾರ ಮಾತು ಕೇಳಿ ಎದ್ದರು ಅಂತ ಪಕ್ಕದಲ್ಲಿ ಬರೆದಿಡಿ. ನನಗೂ ಒಂದು ಪ್ರತಿ ಕಳಿಸಿ.