ಬುಲೆಟ್ ಗೇರ್‌ಬಾಕ್ಸ್ ಬಿಚ್ಚಿಸುವ ಮುಂಚೆ ಹೊರಗಿನ ಕವರ್ ತೆಗೆದು ನೋಡಿ

ಪ್ರಶ್ನೆ: ನನ್ನದು 1984ರ ಬುಲೆಟ್ 350, ಬಲಗಡೆ ಗೇರು. ಎರಡರಿಂದ ಮೂರಕ್ಕೆ ಹಾಕುವಾಗ ನಡುವೆ ನ್ಯೂಟ್ರಲ್ ಆಗಿ ಎಂಜಿನ್ ಕೂಗಿಕೊಳ್ಳುತ್ತದೆ. ಗೇರ್ ಸೆಟ್ ಪೂರ್ತಿ ಹೋಗಿದೆ, ಬದಲಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬದಲಿಸಲಾ? (ಸಿರುಗುಪ್ಪದಿಂದ)

ಬೇಡ. ಈಗಲೇ ಬೇಡ. ಇದೇ ಪ್ರಶ್ನೆಯನ್ನು ಕೊಪ್ಪಳ, ಸಿಂಧನೂರು, ಗಂಗಾವತಿ ಎಲ್ಲ ಕಡೆಯಿಂದ ಕೇಳುತ್ತಿದ್ದೀರಿ, ಪ್ರತಿ ಸಲವೂ ಯಾರೋ ಒಬ್ಬರು ಆಗಲೇ "ಗೇರ್ ಸೆಟ್ ಹೋಗಿದೆ" ಅಂದುಬಿಟ್ಟಿರುತ್ತಾರೆ. ನೋಡದೆ ಹೇಗೆ ಹೇಳ್ತಾರೆ ಅಂತ ನನಗೆ ಸಿಟ್ಟು ಬರುತ್ತದೆ. ಬಳ್ಳಾರಿಯಲ್ಲಿ ನನ್ನ ಶೆಡ್ಡಿಗೆ ಹೀಗೆ ಬಂದ ಗಾಡಿಗಳಲ್ಲಿ ಜಾಸ್ತಿ ಗಾಡಿಗಳು ಹೊರಗಿನ ಕವರ್ ಒಂದನ್ನೇ ತೆಗೆದು, ಮಧ್ಯಾಹ್ನದ ಊಟದೊಳಗೆ ಸರಿಯಾಗಿ ಹೋಗಿವೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಗೇರು ಬೀಳದೇ ಇರುವುದು ಬೇರೆ, ಬಿದ್ದ ಗೇರು ಎಗರಿ ಹೊರಗೆ ಬರುವುದು ಬೇರೆ. ಸಂಡೂರಿನ ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಎರಡನೇ ಗೇರು ತಾನಾಗಿ ಹೊರಗೆ ಜಿಗಿದರೆ, ಹೌದು, ಒಳಗೆ ಕೆಲಸ ಇದೆ. ಗೇರಿನ ಪಕ್ಕದಲ್ಲಿ ಉಬ್ಬಿಕೊಂಡು ಇನ್ನೊಂದು ಗೇರನ್ನು ಕಚ್ಚಿಕೊಳ್ಳುವ ಗಟ್ಟಿ ಹಲ್ಲುಗಳ, ಅಂದರೆ ಡಾಗ್‌ಗಳ ಮೂಲೆ ಸವೆದು ದುಂಡಗಾಗಿರುತ್ತದೆ, ಇಲ್ಲವೇ ಗೇರನ್ನು ಪಕ್ಕಕ್ಕೆ ಸರಿಸುವ ಫೋರ್ಕ್ ಸವೆದಿರುತ್ತದೆ. ನಿಮ್ಮದು ಅದಲ್ಲ. ನಿಮ್ಮ ಗೇರು ಪೂರ್ತಿ ಒಳಗೆ ಹೋಗುತ್ತಲೇ ಇಲ್ಲ.

ಇದು ಹಳೆಯ ಆಲ್ಬಿಯನ್ ಮಾದರಿಯ ನಾಲ್ಕು ಸ್ಪೀಡ್ ಬಾಕ್ಸ್, ಒಂದು ಮೇಲೆ, ಮೂರು ಕೆಳಗೆ. ಇಂಗ್ಲೆಂಡಿನಿಂದ ಬಂದ ವಿನ್ಯಾಸ. 1955ರಲ್ಲಿ ಮದ್ರಾಸಿನಲ್ಲಿ ಬುಲೆಟ್ ಶುರುವಾದ ಮೇಲೆ ದಶಕಗಟ್ಟಲೆ ಇದೇ ನಡೆಯಿತು. ಹೊರಗಿನ ಕವರಿನ ಹಿಂದೆ, ಪೆಡಲಿಗೂ ಒಳಗಿನ ಫೋರ್ಕಿಗೂ ನಡುವೆ ಒಂದು ರ‍್ಯಾಚೆಟ್ ಇದೆ. ನೀವು ಒಂದು ಸಲ ಒತ್ತಿದರೆ ಅದು ಒಂದು ಹಲ್ಲು ತಿರುಗಿಸಬೇಕು. ಪೆಡಲು ಎಷ್ಟು ದೂರ ಹೋಗಬಹುದು ಅಂತ ಮೇಲೂ ಕೆಳಗೂ ತಡೆಯುವುದಕ್ಕೆ ಅಲ್ಲೊಂದು ಅಡ್ಜಸ್ಟರ್ ಪ್ಲೇಟ್ ಇದೆ, ಎರಡೇ ನಟ್ಟಿನಲ್ಲಿ ನಿಂತಿರುತ್ತದೆ, ತೂತುಗಳು ಉದ್ದುದ್ದ. ಆ ಪ್ಲೇಟ್ ಒಂದು ಕಡೆಗೆ ಸರಿದಿದ್ದರೆ ಮೇಲೆತ್ತುವಾಗ ಗೇರು ಖಡಕ್ಕಾಗಿ ಬೀಳುತ್ತದೆ, ಕೆಳಗೆ ಒತ್ತುವಾಗ ಅರ್ಧಕ್ಕೆ ನಿಲ್ಲುತ್ತದೆ. ನಿಮಗೆ ಆಗುತ್ತಿರುವುದು ಇದೇ ಅಲ್ವಾ?

ಪ್ಲೇಟ್ ಸಡಿಲಿಸುವ ಮುಂಚೆ ಅದರ ಅಂಚಿಗೆ ಸರಿಯಾಗಿ ಚೂಪಾದ ಮೊಳೆಯಿಂದ ಒಂದು ಗೆರೆ ಎಳೆಯಿರಿ. ಇದನ್ನು ಮರೆತರೆ ಹಳೆಯ ಜಾಗ ಯಾವುದು ಅಂತ ದೇವರಿಗೇ ಗೊತ್ತು. ಆಮೇಲೆ ಕೂದಲೆಳೆಯಷ್ಟು ಸರಿಸಿ, ಬಿಗಿ ಮಾಡಿ, ಪೆಡಲನ್ನು ಶಾಫ್ಟಿಗೆ ಸಿಕ್ಕಿಸಿ ಕೈಯಿಂದಲೇ ಎಲ್ಲ ಗೇರು ಹಾಕಿ ನೋಡಿ. ಗಾಡಿ ದೊಡ್ಡ ಸ್ಟ್ಯಾಂಡ್ ಮೇಲಿರಲಿ, ಇನ್ನೊಂದು ಕೈಯಲ್ಲಿ ಹಿಂದಿನ ಚಕ್ರ ತಿರುಗಿಸುತ್ತಲೇ ಇರಿ. ಚಕ್ರ ನಿಂತಿದ್ದರೆ ಡಾಗ್‌ಗಳು ಎದುರುಬದುರು ತಾಗಿ ನಿಲ್ಲುತ್ತವೆ, ಒಳ್ಳೆಯ ಬಾಕ್ಸೂ ಕೆಟ್ಟಿದೆ ಅನ್ನಿಸುತ್ತದೆ. ಈ ತಪ್ಪು ಮಾಡಿಯೇ ಎಷ್ಟೋ ಬಾಕ್ಸ್‌ಗಳನ್ನು ಸುಮ್ನೆ ಬಿಚ್ಚಿದ್ದಾರೆ. ಎರಡೂ ಕಡೆ ಒಂದೇ ಸಮ ಬಿದ್ದರೆ ಕೆಲಸ ಮುಗಿಯಿತು.

ಕವರ್ ತೆಗೆದಾಗಲೇ ರ‍್ಯಾಚೆಟ್ಟಿನ ಸ್ಪ್ರಿಂಗ್ ನೋಡಿ. ಪೆಡಲು ಬಿಟ್ಟ ತಕ್ಷಣ ಪಟ್ಟನೆ ನಡುವಿಗೆ ಬರಬೇಕು. ಸೋಮಾರಿಯಾಗಿ ಬಂದರೆ ಸ್ಪ್ರಿಂಗ್ ಬದಲಿಸಿ, ಗೇರ್ ಸೆಟ್ಟಿನ ದುಡ್ಡಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಕ್ಲಚ್ಚನ್ನೂ ಮರೆಯಬೇಡಿ. ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಯಾವ ಗೇರೂ ಸಲೀಸಾಗಿ ಬೀಳುವುದಿಲ್ಲ. ಎಂಜಿನ್ ಬಂದ್ ಇರುವಾಗ ಕ್ಲಚ್ ಹಿಡಿದು ಕಿಕ್ ಒತ್ತಿ. ಹಗುರಾಗಿ ಇಳಿದರೆ ಕ್ಲಚ್ ಬಿಡುತ್ತಿದೆ, ಎಂಜಿನ್ ತಿರುಗಿದರೆ ಬಿಡುತ್ತಿಲ್ಲ. ನಾನು ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಹೀಗೆ ನಾಲ್ಕು ಸಲ ಒತ್ತುತ್ತೇನೆ.

ಇಷ್ಟಾದರೂ ಸರಿಹೋಗದಿದ್ದರೆ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ, ಬಿಸಿಲಿಗೆ ಹಿಡಿದು ಮ್ಯಾಗ್ನೆಟ್ ಆಡಿಸಿ. ಕಪ್ಪು ನುಣುಪು ಪೇಸ್ಟ್ ಅಂಟಿದರೆ ಅದು ಮಾಮೂಲಿ ಸವೆತ. ಚೂರುಗಳು ಅಂಟಿದರೆ ಹಲ್ಲೋ ಡಾಗೋ ಮುರಿದಿದೆ. ಮ್ಯಾಗ್ನೆಟ್ಟಿಗೆ ಅಂಟದೆ ಎಣ್ಣೆಯಲ್ಲೇ ತೇಲುವ ಹಳದಿ ಮಿಂಚು ಕಂಡರೆ ಶಾಫ್ಟ್ ಕೂತು ತಿರುಗುವ ಕಂಚಿನ ಬಳೆ, ಅಂದರೆ ಬುಷ್, ಸವೆಯುತ್ತಿದೆ. ಆಗ ಬಿಚ್ಚಿಸಿ, ನಾನೇ ಬಿಚ್ಚಿ ಅಂತ ಹೇಳುತ್ತೇನೆ.

ಪ್ರಶ್ನೆ: ಸವೆದ ಡಾಗ್‌ಗೆ ವೆಲ್ಡಿಂಗ್ ಹಾಕಿ ಗ್ರೈಂಡ್ ಮಾಡಿಕೊಡುತ್ತಾರಂತೆ, ಮಾಡಿಸಬಹುದಾ? (ಲಿಂಗಸುಗೂರಿನಿಂದ)

ಖಂಡಿತ ಬೇಡ. ಗೇರಿನ ಮೇಲ್ಮೈಯನ್ನು ಗಟ್ಟಿ ಮಾಡಿರುತ್ತಾರೆ, ವೆಲ್ಡಿಂಗ್ ಬಿಸಿಗೆ ಆ ಗಟ್ಟಿತನವೇ ಹೋಗುತ್ತದೆ. ಬೇರೆಲ್ಲೋ ವೆಲ್ಡಿಂಗ್ ಮಾಡಿಸಿದ್ದ ಒಂದು ಗಾಡಿ ತೋರಣಗಲ್ಲು ರಸ್ತೆಯಲ್ಲಿ ಡಾಗ್ ಮುರಿದು ನಿಂತು ನನ್ನ ಹತ್ತಿರ ಬಂತು. ಆ ಚೂರು ಪಕ್ಕದ ಗೇರಿನ ಮೂರು ಹಲ್ಲು ತಿಂದಿತ್ತು. ಓಡಿಸುತ್ತಿದ್ದ ಹುಡುಗ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಸವೆದ ಗೇರನ್ನು ಅದರ ಜೋಡಿಯ ಜೊತೆಗೇ ಬದಲಿಸಿ.

ಪ್ರಶ್ನೆ: ಬಾಕ್ಸಿಗೆ ಗ್ರೀಸ್ ತುಂಬಿದರೆ ಸದ್ದು ನಿಲ್ಲುತ್ತದಂತೆ?

ಕಂಪನಿಯ ಹಳೆಯ ಪುಸ್ತಕದಲ್ಲಿ ಗ್ರೀಸ್ ಅಂತ ಇರುವುದು ನಿಜ, ಆದರೆ ಅದು ಹರಿಯುವಂಥ ತೆಳು ಗ್ರೀಸ್. ಚಕ್ರದ ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸ್ ತುಂಬಿದರೆ ಗೇರುಗಳು ಅದರಲ್ಲಿ ತಮಗೊಂದು ದಾರಿ ಕೊರೆದುಕೊಂಡು ತಿರುಗುತ್ತವೆ, ಗ್ರೀಸ್ ಗೋಡೆಗೆ ಅಂಟಿ ಕೂರುತ್ತದೆ, ಬುಷ್ ಒಣಗುತ್ತದೆ. ನಾನು ಹಾಕುವುದು ಇಪಿ 90 ಗೇರ್ ಎಣ್ಣೆ, ಅದೂ ಜಿಎಲ್-4 ದರ್ಜೆಯದು, ಕಂಚಿನ ಬುಷ್ ಉಳಿಯಲಿ ಅಂತ. ಮರದ ಪುಡಿ, ಬಾಳೆಹಣ್ಣಿನ ಸಿಪ್ಪೆ ಹಾಕಿ ಸದ್ದು ಅಡಗಿಸುವವರು ಗಾಡಿ ಮಾರುವ ದಲ್ಲಾಳಿಗಳು. ಅವರ ಮಾತು ಕೇಳಬೇಡಿ, ಅವರ ಹತ್ತಿರ ಗಾಡಿಯನ್ನೂ ಕೊಳ್ಳಬೇಡಿ.

ಪ್ರಶ್ನೆ: ಹಿಮ್ಮಡಿಯಲ್ಲಿ ಒತ್ತುವ ನ್ಯೂಟ್ರಲ್ ಲಿವರ್ ಮೊದಲನೇ ಗೇರಿನಲ್ಲಿ ಕೆಲಸ ಮಾಡುವುದಿಲ್ಲ, ರಿಪೇರಿ ಹೇಗೆ?

ಅದು ಇರುವುದೇ ಎರಡು, ಮೂರು, ನಾಲ್ಕರಿಂದ ನ್ಯೂಟ್ರಲ್‌ಗೆ ಬರಲು. ಏನೂ ಕೆಟ್ಟಿಲ್ಲ.

ಪ್ರಶ್ನೆ: ಗೇರನ್ನು ಎಡಗಡೆಗೆ ಮಾಡಿಸಲಾ?

ಬೇಡ. ಒಂದು ವಾರ ಖಾಲಿ ರಸ್ತೆಯಲ್ಲಿ ಓಡಿಸಿ, ಬಲಗಾಲು ತಾನೇ ಕಲಿಯುತ್ತದೆ.

ಸಿರುಗುಪ್ಪದವರೇ, ಪ್ಲೇಟ್ ಸರಿಸಿದ ಮೇಲೂ ಮೂರಕ್ಕೆ ಬೀಳದಿದ್ದರೆ ತಟ್ಟೆಗೆ ಇಳಿಸಿದ ಎಣ್ಣೆಯನ್ನು ಚೆಲ್ಲಬೇಡಿ. ಬಾಟಲಿಗೆ ಹಾಕಿ ಗಾಡಿಯ ಜೊತೆಗೇ ತನ್ನಿ.