ಬಾಗಿಲು ತೆರೆದಿದೆ ಅಂತ ಒಳಗೆ ನುಗ್ಗಬೇಕಾ?

ದೊಡ್ಡಬಳ್ಳಾಪುರದಲ್ಲಿ ಆರು ವಿದ್ಯುತ್ ಮಗ್ಗ ಇಟ್ಟುಕೊಂಡಿರುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: ‘ಆರ್‌ಸಿಇಪಿ ಮಾತುಕತೆಯಿಂದ 2019ರಲ್ಲಿ ನಾವು ಹೆದರಿ ಎದ್ದು ಬಂದೆವು. ಚೀನಾ, ವಿಯೆಟ್ನಾಂ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲ ಇರುವ, ಒಬ್ಬರಿಗೊಬ್ಬರು ಆಮದು ಸುಂಕ ಇಳಿಸಿಕೊಳ್ಳುವ ವ್ಯಾಪಾರ ಒಕ್ಕೂಟ ಅದು. ಉಳಿದ 15 ದೇಶಗಳು ಒಪ್ಪಂದ ಮಾಡಿಕೊಂಡು ಮುಂದೆ ಹೋದವು. ವಿಯೆಟ್ನಾಮಿನ ಬಟ್ಟೆ ಲೋಕಕ್ಕೆಲ್ಲ ಹೋಗುತ್ತಿದೆ. ನಾವು ರೇಷ್ಮೆ ನೂಲಿನ ಬೆಲೆ ನೋಡಿ ಮಗ್ಗ ನಿಲ್ಲಿಸುತ್ತಿದ್ದೇವೆ. ನೀತಿ ಆಯೋಗದ ಸಿಇಒ ಅವರೇ 2024ರಲ್ಲಿ ಸೇರಬೇಕು ಅಂದರು. ಭಾರತಕ್ಕೆ ಬಾಗಿಲು ಈಗಲೂ ತೆರೆದಿದೆಯಂತೆ. ನಿಮ್ಮ ಪತ್ರಿಕೆ ಮಾತ್ರ ಯಾಕೆ ರೈತ ರೈತ ಅಂತ ಅದೇ ಹಳೇ ಹಾಡು ಹಾಡುತ್ತದೆ?’

ಸಂಪಾದಕರ ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಷರ ಮುದ್ದಾಗಿದೆ, ಸಿಟ್ಟು ಅದಕ್ಕಿಂತ ಚೆನ್ನಾಗಿದೆ. ಹಳೇ ಹಾಡು ಅಂದಿರಿ, ಒಪ್ಪಿದೆ. ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ಕಾಲದಲ್ಲಿ ಹಸಿರು ಶಾಲು ಹೊದ್ದು ಬೆಂಗಳೂರಿಗೆ ಬಂದ ರೈತರ ಮಾತು ಕೇಳಿಕೊಂಡು ಬೆಳೆದವನು ನಾನು. ರೈತ ಸಂಘದ ಪ್ರೊ. ನಂಜುಂಡಸ್ವಾಮಿಯವರ ಎಲ್ಲ ಮಾತೂ ನಿಜವಾಗಲಿಲ್ಲ, ಆದರೆ ಅವರು ಕೇಳಿದ ಪ್ರಶ್ನೆಗಳು ಹಳತಾಗಿಲ್ಲ.

ಮೊದಲು ನಿಮ್ಮ ಪಾಲಿನ ನ್ಯಾಯ ಕೊಟ್ಟುಬಿಡುತ್ತೇನೆ. ನೂಲು ದುಬಾರಿಯಾದರೆ ಮಗ್ಗ ನಿಲ್ಲುತ್ತದೆ. ಸುಳ್ಳಲ್ಲ. ದೇವನಹಳ್ಳಿ, ನರಸಾಪುರದಲ್ಲಿ ಫೋನ್ ಜೋಡಿಸುವವರಿಗೂ ಬಿಡಿಭಾಗ ಹೊರಗಿನಿಂದ ಅಗ್ಗವಾಗಿ ಬಂದರೆ ಅನುಕೂಲ. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೆಲಸಕ್ಕೆ ವಿಯೆಟ್ನಾಂ ಪೈಪೋಟಿ ಕೊಡುತ್ತಿರುವುದೂ ನಿಜ. ಇಷ್ಟು ಸಾಕಲ್ವಾ? ಈಗ ನನ್ನ ಮಾತು ಕೇಳಿ.

ಹೆದರಿ ಓಡಿ ಬಂದೆವು ಅನ್ನುವುದನ್ನು ನಾನು ಒಪ್ಪುವುದಿಲ್ಲ. 2012ರಿಂದ ಏಳು ವರ್ಷ ಅದೇ ಮೇಜಿಗೆ ಕೂತಿದ್ದೆವು. ಸುಂಕ ಇಳಿಸುವುದಕ್ಕೆ 2014ರ ದರವನ್ನು ಲೆಕ್ಕಕ್ಕೆ ಹಿಡಿಯಬೇಡಿ, 2019ರದ್ದು ಹಿಡಿಯಿರಿ ಅಂದೆವು. ನಡುವೆ ನಾವು ಎಷ್ಟೋ ಸಾಮಾನಿನ ಮೇಲೆ ಸುಂಕ ಏರಿಸಿದ್ದೆವಲ್ಲ, ಅದಕ್ಕೆ. ಆಮದು ಇದ್ದಕ್ಕಿದ್ದಂತೆ ನುಗ್ಗಿದರೆ ಸುಂಕ ತಾನಾಗಿ ಏರುವ ಏರ್ಪಾಡು ಬೇಕು ಅಂದೆವು. ಸಿಗಲಿಲ್ಲ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಪ್ರಧಾನಿ ಮೋದಿ ಗಾಂಧೀಜಿಯ ಮಾತು ನೆನೆದು, ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂತ ಹೇಳಿ ಬಂದರು. ಈ ಸರ್ಕಾರದ ಎಷ್ಟೋ ತೀರ್ಮಾನಗಳನ್ನು ಇದೇ ಪುಟದಲ್ಲಿ ಬೈದಿದ್ದೇನೆ. ಇದೊಂದಕ್ಕೆ ಮಾತ್ರ ಅಂದು ರಾತ್ರಿ ಮನೆಯಲ್ಲಿ ಪಾಯಸ ಮಾಡಿಸಿದ್ದೆ.

ನೀವು ರೇಷ್ಮೆಯವರು. ಹಾಗಾಗಿ 2011 ನಿಮಗೆ ಮರೆತಿರಲಾರದು. ಆ ವರ್ಷದ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿದರು. ನೇಕಾರರಿಗೆ ಅನುಕೂಲವಾಗಲಿ ಅಂತ. ಕೆಲವೇ ತಿಂಗಳಲ್ಲಿ ರೇಷ್ಮೆ ಗೂಡಿನ ಬೆಲೆ ನೆಲ ಕಚ್ಚಿತು. ಆಗ ನಾನು ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಬೆಳಗಿನ ಜಾವಕ್ಕೇ ರೈತರು ಬಂದು ತಮ್ಮ ಲಾಟಿನ ಪಕ್ಕದಲ್ಲೇ ಟವೆಲ್ ಹಾಸಿ ಒರಗಿದ್ದರು. ಗೂಡು ಕೊಂಡು ನೂಲು ತೆಗೆಯುವ ಒಬ್ಬ ರೀಲರ್ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಏನೂ ಹೇಳದೆ ವಾಪಸ್ ಹಾಕಿ ಮುಂದೆ ಹೋದ. ಆ ಲಾಟಿನ ಯಜಮಾನ ಅದೇ ಗೂಡನ್ನು ಎತ್ತಿಕೊಂಡು ತಾನೂ ಅಲ್ಲಾಡಿಸಿ ನೋಡಿದ. ಮಾಲಿನಲ್ಲೇ ಏನಾದರೂ ಐಬಿದೆಯಾ ಅಂತ! ಮಾಲು ಚೆನ್ನಾಗಿಯೇ ಇತ್ತು. ಐಬು ದೆಹಲಿಯಲ್ಲಿತ್ತು.

ಗೂಡು ಇಟ್ಟುಕೊಂಡು ಬೆಲೆಗೆ ಕಾಯುವ ಹಾಗಿಲ್ಲ, ನಿಮಗೆ ನಾನು ಹೇಳಬೇಕೇ? ನಾಲ್ಕು ದಿನ ತಡೆದರೆ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬರುತ್ತದೆ. ಎಷ್ಟೋ ಜನ ಆ ವರ್ಷ ಹಿಪ್ಪುನೇರಳೆ ಕಿತ್ತರು. ಎರಡು ವರ್ಷದ ಮೇಲೆ ಸರ್ಕಾರ ಸುಂಕವನ್ನು ಶೇ 15ಕ್ಕೆ ಏರಿಸಿತು. ನಾನು ಹೇಳಬೇಕೆಂದಿರುವುದು ಇಲ್ಲೇ ಇದೆ. ತಪ್ಪಾಯಿತು ಅಂತ ಗೊತ್ತಾದ ಮೇಲೆ ತಿದ್ದಲು ಆಯಿತು. ಯಾಕೆ? ಬೀಗದ ಕೈ ನಮ್ಮ ಹತ್ತಿರವೇ ಇತ್ತು. ಒಕ್ಕೂಟದಲ್ಲಿ ಸಹಿ ಹಾಕಿ ಸೊನ್ನೆ ಸುಂಕ ಅಂತ ಒಪ್ಪಿಕೊಂಡಿದ್ದರೆ ಅದನ್ನು ಏರಿಸಲು ಯಾರ ಮನೆ ಬಾಗಿಲು ತಟ್ಟುತ್ತಿದ್ದೆವು?

ಆ ಬೀಗದ ಕೈ ಬಿಟ್ಟುಕೊಟ್ಟರೆ ಏನಾಗುತ್ತದೆ ಅಂತ ಕೊಡಗಿನ ಕಾಳುಮೆಣಸಿನವರು ಹೇಳುತ್ತಾರೆ. ಶ್ರೀಲಂಕಾ ಜೊತೆಗಿನ ಸುಂಕ ರಿಯಾಯಿತಿ ಒಪ್ಪಂದದ ಸಂದಿಯಲ್ಲಿ ವಿಯೆಟ್ನಾಮಿನ ಮೆಣಸು ಲಂಕೆಯ ವೇಷ ಹಾಕಿಕೊಂಡು ಬಂತು. 2017ರ ಕೊನೆಗೆ ಕೆಜಿಗೆ 500 ರೂಪಾಯಿಗಿಂತ ಅಗ್ಗದ ಮೆಣಸು ಆಮದಾಗಬಾರದು ಅಂತ ಮಾಡಿದ ಮೇಲೆ ಬೆಳೆಗಾರರು ಸ್ವಲ್ಪ ಉಸಿರಾಡಿದರು. ಅಡಿಕೆಗೆ 351 ರೂಪಾಯಿ ಇಟ್ಟಿರುವುದೂ ಇಂಥದ್ದೇ ತಡೆ.

ಇನ್ನೊಂದು ಮಾತು, ಬೇಜಾರಾಗಬೇಡಿ. ನೂಲು ಬರುವ ದಾರಿಯಲ್ಲೇ ಬಟ್ಟೆಯೂ ಬರುತ್ತದೆ. ಸೂರತ್ತಿನ ಸೀರೆ ಬಂದು ನಮ್ಮ ಮಗ್ಗ ನಿಂತವು ಅಂತ ನಿಮ್ಮೂರಿನ ನೇಕಾರರೇ ಬೀದಿಗಿಳಿದಿದ್ದರಲ್ಲ? ಸೂರತ್ತಿಗೇ ಹೀಗಾದರೆ ಚೀನಾದ ಸೀರೆಗೆ ಏನು ಮಾಡುತ್ತೀರಿ? ಒಕ್ಕೂಟದಲ್ಲಿ ಇಲ್ಲದೆಯೇ 2024-25ರಲ್ಲಿ ಚೀನಾ ಜೊತೆಗಿನ ನಮ್ಮ ವ್ಯಾಪಾರ ಕೊರತೆ ಸುಮಾರು 99 ಬಿಲಿಯನ್ ಡಾಲರ್. ಸೇರದೆ ಏನು ಉಳಿಸಿಕೊಂಡಿರಿ ಅಂತ ಇದೇ ಅಂಕಿ ತೋರಿಸಿ ಕೇಳುವವರಿದ್ದಾರೆ. ಬಾಗಿಲು ಹಾಕಿದ್ದಾಗಲೇ ಮನೆಯೊಳಗೆ ಮೊಣಕಾಲುದ್ದ ನೀರು ಬಂದಿದೆ, ಇನ್ನು ಬಾಗಿಲು ತೆಗೆದರೆ ಏನು ಮಹಾ ಅಂದ ಹಾಗಾಯಿತು.

ಹಾಲಿನ ವಿಷಯ ಬಂದರೆ ನನ್ನ ಮಾತು ಉದ್ದವಾಗುತ್ತದೆ ಅಂತ ಕಚೇರಿಯ ಹುಡುಗರು ನಗುತ್ತಾರೆ. ನಗಲಿ. ನಾನು ಪ್ರೈಮರಿಯಲ್ಲಿದ್ದಾಗ ‘ಕೇರ್’ ಅನ್ನುವ ನೆರವು ಸಂಸ್ಥೆಯವರ ಅಮೆರಿಕದ ಹಾಲಿನ ಪುಡಿ ಬರುತ್ತಿತ್ತು. ದೊಡ್ಡ ಹಂಡೆಯಲ್ಲಿ ಕುದಿಸಿ ಲೋಟಕ್ಕೆ ಹಾಕುತ್ತಿದ್ದರು. ಗಂಟು ಗಂಟು, ತಳ ಹತ್ತಿದ ವಾಸನೆ. ಶಾಲೆಯ ಹಿಂದೆಯೇ ಹಸು ಮೇಯುತ್ತಿದ್ದವು, ನಾವು ಕುಡಿಯುತ್ತಿದ್ದದ್ದು ಸಮುದ್ರ ದಾಟಿ ಬಂದ ಪುಡಿ. ಅಮುಲ್ ಕಟ್ಟಿದ ಕುರಿಯನ್ ಅವರ ಜಾಣತನ ನೋಡಿ. ಯುರೋಪಿನಲ್ಲಿ ಹೆಚ್ಚಾಗಿ ಬಿದ್ದಿದ್ದ ಹಾಲಿನ ಪುಡಿ, ಬೆಣ್ಣೆಯೆಣ್ಣೆಯನ್ನು ದಾನವಾಗಿ ತರಿಸಿದರು. ಸುಮ್ನೆ ಹಂಚಲಿಲ್ಲ. ಹಾಲು ಮಾಡಿ ದೊಡ್ಡ ಊರುಗಳಲ್ಲಿ ಮಾರಿಸಿ, ಆ ದುಡ್ಡಿನಲ್ಲಿ ಹಳ್ಳಿಯ ಸಹಕಾರ ಸಂಘಗಳನ್ನು ಕಟ್ಟಿದರು. 1970ರಲ್ಲಿ ಶುರುವಾದ ಕ್ಷೀರಕ್ರಾಂತಿಗೆ ಬಂಡವಾಳ ಬಂದದ್ದು ಹೀಗೆ. ಬಿಟ್ಟಿ ಪುಡಿ ಹಾಗೇ ಪೇಟೆಗೆ ಬಿದ್ದರೆ ನಮ್ಮ ರೈತ ಮುಳುಗುತ್ತಾನೆ ಅಂತ ಅವರಿಗೆ ಗೊತ್ತಿತ್ತು.

ಅದರ ಫಲವೇ ಇವತ್ತಿನ ನಂದಿನಿ. 2024ರಲ್ಲಿ ಕೆಎಂಎಫ್ ರೈತರಿಂದ ಕೊಳ್ಳುವ ಹಾಲು ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು. ನ್ಯೂಜಿಲೆಂಡಿನಲ್ಲಿ ಜನ ಸುಮಾರು 50 ಲಕ್ಷ, ಕರೆದ ಹಾಲಿನಲ್ಲಿ ಶೇ 95ರಷ್ಟು ಹೊರದೇಶಕ್ಕೆ. ಅಲ್ಲಿ ಒಬ್ಬನಿಗೆ ನೂರಾರು ಹಸು, ಇಲ್ಲಿ ಮನೆಗೆ ಎರಡು. ಇದನ್ನು ಪೈಪೋಟಿ ಅಂತ ಕರೆಯುವವರಿಗೆ ಏನು ಹೇಳೋಣ? 2023ರಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತದೆ ಅಂದಿದ್ದಕ್ಕೇ ರಾಜ್ಯವೆಲ್ಲ ಹೌಹಾರಿತು. ಅದೂ ನಮ್ಮ ಹಾಗೇ ರೈತರ ಸಹಕಾರ ಸಂಘದ ಹಾಲು!

ಹಾಗಂತ ಯಾರ ಜೊತೆಗೂ ವ್ಯಾಪಾರ ಬೇಡ ಅಂದೆನೇ? ಒಬ್ಬೊಬ್ಬರ ಜೊತೆ ಕೂತು ಚೌಕಾಸಿ ಮಾಡಿದರೆ ನಮ್ಮ ಮಾತು ನಡೆಯುತ್ತದೆ. ಆಸ್ಟ್ರೇಲಿಯಾ ಜೊತೆ 2022ರಲ್ಲಿ ಜಾರಿಯಾದ ಒಪ್ಪಂದದಲ್ಲಿ ಹಾಲು ಹೊರಗೆ. 2025ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಜೊತೆ ಮಾತುಕತೆ ಮುಗಿಯಿತು ಅಂದರು, ಅಲ್ಲೂ ಹಾಲು ಹೊರಗೆ. ಎಲ್ಲ ಬಿಟ್ಟು ನ್ಯೂಜಿಲೆಂಡೇ ಇದಕ್ಕೆ ಒಪ್ಪಿದೆ ಅಂದರೆ ಸಣ್ಣ ಮಾತಲ್ಲ.

ನನ್ನ ಇನ್ನೊಂದು ಸಂಕಟ ಬೇರೆ. ಕೃಷಿ ರಾಜ್ಯದ ವಿಷಯ ಅಂತ ಸಂವಿಧಾನ ಹೇಳುತ್ತದೆ. ಹೊರದೇಶದ ಒಪ್ಪಂದ ಮಾತ್ರ ಕೇಂದ್ರದ್ದು, ಅದಕ್ಕೆ ಸಂಸತ್ತಿನ ಒಪ್ಪಿಗೆಯೂ ಕಡ್ಡಾಯವಲ್ಲ. ಆರ್‌ಸಿಇಪಿ ಕರಡನ್ನು ಏಳು ವರ್ಷ ಗುಟ್ಟಾಗಿಟ್ಟಿದ್ದರು. ಸೋರಿದ ಹಾಳೆಗಳನ್ನು ನಾವು ಪತ್ರಕರ್ತರು ಇಂಗ್ಲಿಷಿನಲ್ಲಿ ಓದಿ ಅರ್ಧ ಅರ್ಥ ಮಾಡಿಕೊಂಡು ಬರೆದೆವು. ಗೂಡು ಬೆಳೆಯುವವನಿಗೆ ಕನ್ನಡದಲ್ಲಿ ಒಂದು ಹಾಳೆ ಕೊಟ್ಟವರು ಯಾರು? ಕೀಟನಾಶಕದ ಡಬ್ಬಿಯಿಂದ ಹಿಡಿದು ಬ್ಯಾಂಕಿನ ನೋಟಿಸಿನವರೆಗೆ ಅವನಿಗೆ ಬರುವುದೆಲ್ಲ ಓದಲಾಗದ ಭಾಷೆಯಲ್ಲೇ ಬರುತ್ತದೆ. ಟಿವಿಯಲ್ಲಿ ಕೋಟು ಹಾಕಿದವರು ‘ರೈತರು ಬದಲಾಗಬೇಕು’ ಅನ್ನುತ್ತಾರೆ. ಅವರ ಸಂಬಳ ಯಾವ ಒಪ್ಪಂದದಿಂದಲೂ ಬದಲಾಗುವುದಿಲ್ಲವಲ್ಲ.

ಅಣ್ಣ ಊರಲ್ಲೇ ಇದ್ದಾರೆ, ಎರಡು ಸೀಮೆಹಸು ಇವೆ, ಡೇರಿಗೆ ಹಾಲು ಹಾಕುತ್ತಾರೆ ಅಂತ ಪತ್ರದ ಕೊನೆಯಲ್ಲಿ ಸಣ್ಣಗೆ ಬರೆದಿದ್ದೀರಿ. ಅದನ್ನು ಮೊದಲನೇ ಸಾಲಿನಲ್ಲಿ ಬರೆಯಬೇಕಿತ್ತು, ಮಾರಾಯರೇ. ಮುಂದಿನ ಹಾಲಿನ ಬಟವಾಡೆ ದಿನ ಊರಿಗೆ ಹೋಗಿ ಬನ್ನಿ. ಬೂಸಾ, ಹಿಂಡಿಯ ಬಾಕಿ ಕಳೆದು ಕೈಗೆಷ್ಟು ಬಂತು ನೋಡಿ. ಲೀಟರಿಗೆ ಇನ್ನೂ ಐದು ರೂಪಾಯಿ ಇಳಿದರೆ ಹಸು ಇಟ್ಟುಕೊಳ್ಳುತ್ತೀರಾ ಅಂತ ಕೇಳಿ. ಅಣ್ಣನನ್ನಲ್ಲ, ಅತ್ತಿಗೆಯನ್ನು. ಅವರು ಹೇಳಿದ್ದನ್ನು ಬರೆದು ಕಳಿಸಿ. ನನಗೆ ಬೈದಿದ್ದರೂ ಸರಿ, ಹಾಗೇ ಅಚ್ಚು ಹಾಕುತ್ತೇನೆ.