ಮಂಗಳೂರಿಗೆ ಹಗಲು ರೈಲು: ದಿನ ಹಾಳಾಗಲ್ಲ

ರಾತ್ರಿ ಬಸ್ಸಲ್ಲಿ ಮಲಗಿದರೆ ಬೆಳಿಗ್ಗೆ ಮಂಗಳೂರು, ಬೆಂಗಳೂರಿಂದ ಹಗಲು ರೈಲು ಹತ್ತಿದರೆ ಸುಮ್ನೆ ದಿನ ಹಾಳು ಅಲ್ವಾ ಅಂತ ಕೇಳಿದ್ದೀರಿ. ಕೆಲಸದ ಮೇಲೆ ಹೋಗುವುದಾದರೆ ಬಸ್ಸೇ ಸರಿ. ಸುತ್ತಾಡಲು ಹೊರಟಿದ್ದರೆ ರೈಲು ಹತ್ತಿ. ಹಾಸನದವರೆಗೆ ನಿದ್ದೆ ಮಾಡಿದರೂ ನಷ್ಟವಿಲ್ಲ, ಸಕಲೇಶಪುರದ ನಂತರ ಮಾತ್ರ ಎದ್ದಿರಿ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ. ಇಳಿಜಾರು ಜಾಸ್ತಿ, ಹಾಗಾಗಿ ರೈಲು ತೆವಳುತ್ತದೆ. ಸುರಂಗ ಹೊಕ್ಕಾಗಲೆಲ್ಲ ಮಕ್ಕಳು ಹೋ ಎಂದು ಕೂಗುತ್ತಾರೆ (ದೊಡ್ಡವರೂ ಕೂಗುತ್ತಾರೆ, ಒಪ್ಪಿಕೊಳ್ಳುವುದಿಲ್ಲ). ಹೊರಬಂದರೆ ಸೇತುವೆ, ಕೆಳಗೆ ಕಂದಕ, ಕಿಟಕಿಯಲ್ಲಿ ಒದ್ದೆ ಮಣ್ಣಿನ ವಾಸನೆ. ಘಟ್ಟ ಇಳಿದದ್ದು ಮೈಗೇ ಗೊತ್ತಾಗುತ್ತದೆ, ಸಕಲೇಶಪುರದ ತಂಪು ಹೋಗಿ ಸೆಕೆ ಶುರು. ಜೋರು ಮಳೆಗಾಲದಲ್ಲಿ ಗುಡ್ಡ ಕುಸಿದು ರೈಲು ರದ್ದಾಗುವುದುಂಟು. ಸೆಪ್ಟೆಂಬರ್ ಕೊನೆಗೆ ಹೋಗಿ, ಝರಿಗಳು ಇನ್ನೂ ಹರಿಯುತ್ತಿರುತ್ತವೆ. ಊಟ ಮನೆಯಿಂದಲೇ ಕಟ್ಟಿಕೊಳ್ಳಿ.